ಝೀಟಾ ಕೂತರೆ ಬರುವ ಶಬ್ದ

ಲಿಯೋನೆಲ್‌ನ ಕಿವಿಯ ಬಗ್ಗೆ ಕೆಮ್ಮಣ್ಣು ಊರಿನಲ್ಲಿ ಎರಡು ಮಾತಿರಲಿಲ್ಲ. ಇದ್ದರೂ ಅವನ ಎದುರು ಯಾರೂ ಆಡುತ್ತಿರಲಿಲ್ಲ. ಕುವೈತಿನಲ್ಲಿ ಜನರೇಟರ್ ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದ ಮನುಷ್ಯ ಅವನು. ಕೋಣೆಯಷ್ಟು ದೊಡ್ಡ ಯಂತ್ರದ ಮೈಗೆ ಸ್ಕ್ರೂಡ್ರೈವರಿನ ತುದಿ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಇಂಥ ಬೇರಿಂಗ್ ಹೋಗಿದೆ ಎಂದರೆ ಅದೇ ಬೇರಿಂಗ್ ಹೋಗಿರುತ್ತಿತ್ತಂತೆ. ‘ಅಂತೆ’ ಯಾಕೆಂದರೆ ಇದನ್ನು ಊರಿಗೆಲ್ಲ ಹೇಳಿದವನೂ ಅವನೇ.

ಊರಿಗೆ ಮರಳಿದ ಮೇಲೆ ಅವನು ಮಾಡಿದ ಮೊದಲ ಕೆಲಸ ಬೈಕು ಕೊಂಡದ್ದು. ಕಾರು ತೆಗೆಯಿರಿ ಎಂದು ಮಣಿಪಾಲದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮಗ ಆಶ್ಲಿ ಗೋಗರೆದಿದ್ದ. ಲಿಯೋನೆಲ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮದುವೆಯಾದ ಹೊಸತರಲ್ಲಿ, ರಜೆ ಮುಗಿಯುವ ಮುಂಚೆ, ಯಾರದೋ ಬೈಕು ಕೇಳಿ ತಂದು ಹೆಂಡತಿ ಝೀಟಾಳನ್ನು ಕಾಪು ಬೀಚಿಗೆ ಕರೆದುಕೊಂಡು ಹೋಗಿದ್ದ. ಒಂದು ದಿನ ನಮ್ಮದೇ ಬೈಕಿನಲ್ಲಿ ನಿನ್ನನ್ನು ಎಲ್ಲ ಕಡೆ ತಿರುಗಿಸುತ್ತೇನೆ ಎಂದು ಅಲ್ಲಿ ಮಾತು ಕೊಟ್ಟಿದ್ದ. ಆ ಒಂದು ದಿನ ಬರುವಾಗ ಇಬ್ಬರ ತಲೆಯೂ ನರೆತಿತ್ತು. ಬಂತಲ್ಲ, ಅದು ದೊಡ್ಡದು. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಹೊರಟರೆ ಒಮ್ಮೆ ಪೆರ್ಡೂರಿನ ಕಡೆ, ಒಮ್ಮೆ ಕಾರ್ಕಳ, ಒಮ್ಮೆ ಸುಮ್ಮನೆ ಉಡುಪಿಯಲ್ಲಿ ಐಸ್‌ಕ್ರೀಮ್ ತಿಂದು ವಾಪಸ್ಸು. ಝೀಟಾ ಸೀರೆಯುಟ್ಟು ಎರಡೂ ಕಾಲನ್ನು ಒಂದೇ ಬದಿಗೆ ಇಳಿಬಿಟ್ಟು ಕೂರುವವಳು. ಬಲಗೈ ಗಂಡನ ಭುಜದ ಮೇಲೆ, ಎಡಗೈ ಹಿಂದಿನ ಸ್ಟೀಲಿನ ಹಿಡಿಕೆಯ ಮೇಲೆ.

ಈ ಸುಖಕ್ಕೆ ಕಣ್ಣು ಬಿತ್ತೋ ಎಂಬಂತೆ ಮಳೆಗಾಲ ಕಳೆದ ಮೇಲೆ ಶಬ್ದ ಶುರುವಾಯಿತು. ಟಿಕ್ ಟಿಕ್ ಟಿಕ್ ಟಿಕ್. ಸಣ್ಣದು, ಒಣ ಒಣ. ಸಂತೆಕಟ್ಟೆಯಲ್ಲಿ ಬಸ್ಸಿನ ಹಿಂದೆ ಮೆಲ್ಲಗೆ ಸಾಗಿದರೆ ಕೇಳುತ್ತದೆ, ಹೆದ್ದಾರಿ ಹತ್ತಿ ವೇಗ ಹಿಡಿದರೆ ಮಾಯ. ಅದಕ್ಕಿಂತ ವಿಚಿತ್ರವೆಂದರೆ ಲಿಯೋನೆಲ್ ಒಬ್ಬನೇ ಹೋದರೆ ಬೈಕು ಬಾಯಿ ಮುಚ್ಚಿಕೊಂಡು ಓಡುತ್ತದೆ. ಝೀಟಾ ಹಿಂದೆ ಕೂತರೆ ಮಾತ್ರ ಬರುತ್ತದೆ.

“ನಿನಗೆ ಕೇಳುವುದಿಲ್ವಾ?” ಎಂದು ಅವನು ಕೇಳಿದ.

“ಹೆಲ್ಮೆಟ್ಟಿನ ಒಳಗೆ ನನಗೆ ನಿಮ್ಮ ಮಾತೇ ಕೇಳುವುದಿಲ್ಲ. ಇನ್ನು ಬೈಕಿನ ಮಾತು ಎಂತ ಕೇಳುತ್ತದೆ?” ಎಂದಳು ಝೀಟಾ.

ಸಂತೆಕಟ್ಟೆಯ ಮೆಕ್ಯಾನಿಕ್ ಧನರಾಜ್ ಚೈನು ಬಿಗಿ ಮಾಡಿದ, ಬ್ರೇಕು ಬಿಚ್ಚಿ ತೊಳೆದ, ಸೀರೆ ಸಿಕ್ಕಿಕೊಳ್ಳದಂತೆ ಹಾಕಿದ ಜಾಲರಿಯ ನಟ್ಟುಗಳನ್ನೆಲ್ಲ ತಿರುಗಿಸಿ ನೋಡಿದ. ಕೊನೆಗೆ ತಾನೇ ಹಿಂದೆ ಕೂತು ಕಲ್ಯಾಣಪುರದವರೆಗೆ ಹೋಗಿ ಬಂದ. ಏನೂ ಇಲ್ಲ.

“ಪೊರ್ಬುಗಳೇ,” ಎಂದ ಧನರಾಜ್. ಇಲ್ಲಿನ ತುಳುವರು ಕ್ರಿಶ್ಚಿಯನ್ ಗಂಡಸರನ್ನು ಕರೆಯುವುದೇ ಹಾಗೆ, ಹೆಂಗಸರನ್ನು ಬಾಯಮ್ಮ ಎಂದು. “ಶಬ್ದ ಇದ್ರೆ ತೆಗೀಬಹುದು. ಇಲ್ಲದ್ದನ್ನು ನಾನು ಎಲ್ಲಿಂದ ತೆಗೀಲಿ ಮಾರಾಯ್ರೇ? ಒಮ್ಮೆ ಬಾಯಮ್ಮನನ್ನೇ ಕರ್ಕೊಂಡು ಬನ್ನಿ.”

ಝೀಟಾ ಒಪ್ಪಲಿಲ್ಲ. ಗ್ಯಾರೇಜಿನಲ್ಲಿ ನನಗೆಂತ ಕೆಲಸ ಎಂದು ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲೇ ಇಲ್ಲ.

ಹಾಗಾದರೆ ಝೀಟಾಳಷ್ಟು ತೂಕವಾದರೂ ಬೇಕಲ್ಲ! ಲಿಯೋನೆಲ್ ಕುಚ್ಚಲಕ್ಕಿಯ ಮೂಟೆಯನ್ನು ಹಿಂದಿನ ಸೀಟಿಗೆ ಹಗ್ಗದಲ್ಲಿ ಕಟ್ಟಿ, ಹೊಳೆ ಬದಿಯ ರಸ್ತೆಯಲ್ಲಿ ಕಿವಿ ನಿಮಿರಿಸಿಕೊಂಡು ಮೇಲೆ ಕೆಳಗೆ ತಿರುಗಿದ. ನೆರೆಮನೆಯ ಪ್ರೆಸಿಲ್ಲಾ ಗೇಟಿಗೆ ಒರಗಿ ನೋಡಿ, “ಝೀಟಾ ಸ್ವಲ್ಪ ದಪ್ಪ ಆಗಿದ್ದಾಳೆ ಅಲ್ವಾ?” ಎಂದಳು. ಮೂಟೆ ಉಸಿರೆತ್ತಲಿಲ್ಲ. ನಗುವಷ್ಟು ತಾಳ್ಮೆ ಲಿಯೋನೆಲ್‌ಗೂ ಇರಲಿಲ್ಲ. ಅವನ ಕಿವಿಯನ್ನು ಇಷ್ಟು ಸಣ್ಣ ಶಬ್ದ ಇಷ್ಟು ದಿನ ಆಟ ಆಡಿಸಿದ್ದು ಇದೇ ಮೊದಲು. ರಾತ್ರಿ ಊಟಕ್ಕೆ ಕೂತರೂ ಅವನ ತಲೆಯೊಳಗೆ ಅದೇ ಟಿಕ್ ಟಿಕ್.

ವಿಷಯ ಆಶ್ಲಿಯ ತನಕ ಹೋಯಿತು. ಅವನು ಮನೆಗೇ ಬಂದು ಹೇಳಿದ:

“ಪಪ್ಪಾ, ಶಬ್ದ ಇರುವುದು ಬೈಕಿನಲ್ಲಿ ಅಲ್ಲ, ನಿಮ್ಮ ಕಿವಿಯಲ್ಲಿ. ಅಷ್ಟು ವರ್ಷ ಜನರೇಟರಿನ ಪಕ್ಕ ನಿಂತವರಿಗೆ ಹಾಗೆ ಆಗ್ತದೆ. ಕಿವಿ ಸರಿ ಇಲ್ಲದವರು ಮಮ್ಮಿಯನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವುದು ಬೇಡ. ಸೋಮವಾರ ಮಣಿಪಾಲದಲ್ಲಿ ಕಿವಿ ಡಾಕ್ಟರ ಅಪಾಯಿಂಟ್‌ಮೆಂಟ್ ತೆಗೊಂಡಿದ್ದೇನೆ.”

“ಭಾನುವಾರದ ಒಳಗೆ ಆ ಶಬ್ದವನ್ನು ಹಿಡಿದು ನಿನ್ನ ಕೈಯಲ್ಲಿ ಕೊಡ್ತೇನೆ,” ಎಂದ ಲಿಯೋನೆಲ್. “ಆಗದಿದ್ರೆ ಬೈಕಿನ ಕೀ ನಿನಗೆ.”

ಸಿಟ್ಟಿನಲ್ಲಿ ಆಡಿದ ಮಾತು. ಕೀ ಹೋದರೆ ಭಾನುವಾರದ ತಿರುಗಾಟವೂ ಹೋಗುತ್ತದೆ. ಇಡೀ ಜೀವಮಾನದಲ್ಲಿ ಹೆಂಡತಿಗೆ ಕೊಟ್ಟ ಮಾತುಗಳಲ್ಲಿ ಅವನು ಉಳಿಸಿಕೊಂಡಿದ್ದದ್ದು ಇದೊಂದನ್ನೇ. ಸೋಫಾದಲ್ಲಿ ಕೂತಿದ್ದ ಝೀಟಾ ಟಿವಿ ನೋಡುತ್ತಿದ್ದಳು. ಮಡಿಲಲ್ಲಿದ್ದ ಎಡಗೈಯ ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು. ಲಿಯೋನೆಲ್‌ನ ಲೆಕ್ಕದಲ್ಲಿ ಈಚೆಗೆ ಅವಳು ಯಾವಾಗ ನೋಡಿದರೂ ಜಪಸರ ಎಣಿಸುತ್ತಿರುತ್ತಾಳೆ. ಅಡುಗೆಮನೆಯಲ್ಲಿ ನಿಂತರೂ ಬೆರಳು ಮಣಿ ತಿರುಗಿಸುತ್ತಿರುತ್ತದೆ. ಸ್ವರ್ಗದಲ್ಲಿ ನನಗೂ ಒಂದು ಸೀಟು ಹಿಡಿದಿಡು ಎಂದು ಲಿಯೋನೆಲ್ ತಮಾಷೆ ಮಾಡುತ್ತಿದ್ದ. ಆಗೆಲ್ಲ ಅವಳು ನಕ್ಕು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು.

ಆ ಭಾನುವಾರ ಇಬ್ಬರೂ ಕಾರ್ಕಳದ ಅತ್ತೂರು ಇಗರ್ಜಿಗೆ ಹೋದರು. ಬರುವಾಗ ಶಿರ್ವದ ದಾರಿಯಾಗಿ ಕಾಪುವಿಗೆ ಇಳಿದು, ಬೀಚು ನೋಡಿ ಮನೆಗೆ ಎಂದು ಮಾತಾಗಿತ್ತು. ಅತ್ತೂರಿನಲ್ಲಿ ಲಿಯೋನೆಲ್ ದೊಡ್ಡ ಮೇಣದ ಬತ್ತಿಯನ್ನೇ ಹಚ್ಚಿದ. ಸಂತ ಲಾರೆನ್ಸರ ಎದುರು ಇಂಥ ಚಿಲ್ಲರೆ ವಿಷಯ ಎತ್ತಬಾರದೆಂದು ಗೊತ್ತಿದ್ದರೂ, ‘ಆ ಶಬ್ದ ಎಲ್ಲಿಂದ ಅಂತ ಒಂದು ತೋರಿಸಿಕೊಡಿ, ಬೇರೆ ಏನೂ ಬೇಡ’ ಎಂದು ಬೇಡಿಕೊಂಡ. ಪಕ್ಕದಲ್ಲಿ ಮೊಣಕಾಲೂರಿದ್ದ ಝೀಟಾ ಅವನಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು.

ಶಿರ್ವ ದಾಟಿದ ಮೇಲೆ ಮತ್ತೆ ಅದೇ ಟಿಕ್ ಟಿಕ್. ಲಿಯೋನೆಲ್ ಕುವೈತಿನ ತನ್ನ ಹಳೆಯ ಪಾಠಕ್ಕೆ ಬಂದ. ಒಂದೊಂದನ್ನೇ ನಿಲ್ಲಿಸಿ ನೋಡು. ಯಾವುದು ನಿಂತಾಗ ಶಬ್ದ ನಿಲ್ಲುತ್ತದೋ ಅದೇ ಕಳ್ಳ. ಮುಂದೆ ಉದ್ದನೆಯ ಇಳಿಜಾರು ಇತ್ತು, ಹಿಂದೆ ಮುಂದೆ ಒಂದು ವಾಹನವೂ ಇರಲಿಲ್ಲ. ಅವನು ನ್ಯೂಟ್ರಲ್ಲಿಗೆ ಹಾಕಿ ಎಂಜಿನ್ ಬಂದ್ ಮಾಡಿದ. ಬೈಕು ತನ್ನಷ್ಟಕ್ಕೇ ಮೆಲ್ಲಗೆ ಇಳಿಯತೊಡಗಿತು.

ಟಿಕ್ ಟಿಕ್ ಟಿಕ್ ಟಿಕ್.

“ಎಂಜಿನ್ ಅಲ್ಲ!” ಎಂದು ಕೂಗಿದ ಲಿಯೋನೆಲ್. ಇಷ್ಟು ದಿನದಲ್ಲಿ ಮೊದಲ ಸಲ ಅವನ ಸ್ವರದಲ್ಲಿ ಖುಷಿ ಇತ್ತು. “ಝೀಟಾ, ಎಂಜಿನ್ ಅಲ್ಲ, ಚಕ್ರದ್ದು! ನನ್ನ ಕಿವಿ ಸರಿ ಉಂಟು! ಆ ಆಶ್ಲಿಗೆ ಈಗ ಹೇಳ್ತೇನೆ!”

ಇಳಿಜಾರು ಮುಗಿಯಿತು. ಬೈಕು ನಿಧಾನವಾಗಿ ನಿಂತಿತು. ಅವನು ಎರಡೂ ಕಾಲನ್ನು ನೆಲಕ್ಕೆ ಊರಿದ. ಎಂಜಿನ್ ಇಲ್ಲ. ಚಕ್ರ ತಿರುಗುತ್ತಿಲ್ಲ. ಎಲ್ಲೋ ಗದ್ದೆಯಾಚೆ ಒಂದು ನಾಯಿ ಬೊಗಳಿ ಸುಮ್ಮನಾಯಿತು.

ಟಿಕ್ ಟಿಕ್ ಟಿಕ್ ಟಿಕ್.

ಲಿಯೋನೆಲ್ ಹೆಲ್ಮೆಟ್ ತೆಗೆದು ಹಿಂದೆ ತಿರುಗಿದ. ಸ್ಟೀಲಿನ ಹಿಡಿಕೆಯ ಮೇಲೆ ಝೀಟಾಳ ಎಡಗೈ ಸಡಿಲವಾಗಿ ಬಿದ್ದಿತ್ತು. ಹೆಬ್ಬೆರಳು ತೋರುಬೆರಳನ್ನು ಉಜ್ಜುತ್ತಿತ್ತು, ಕೈಯೆಲ್ಲ ಸಣ್ಣಗೆ ಅದುರುತ್ತಿತ್ತು, ಮದುವೆಯ ಉಂಗುರ ಹಿಡಿಕೆಗೆ ಬಡಿಯುತ್ತಿತ್ತು. ಬೆರಳುಗಳ ನಡುವೆ ಜಪಸರ ಇರಲಿಲ್ಲ.

“ಜಪಸರ ಎಲ್ಲಿ?” ಎಂದ.

“ಬ್ಯಾಗಿನಲ್ಲಿ ಉಂಟು. ಹಿಡಿಯಲಿಕ್ಕೆ ಆಗುವುದಿಲ್ಲ. ಮಣಿ ಜಾರಿ ಹೋಗ್ತದೆ.” ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಶಬ್ದ ನಿಂತಿತು. “ಉಂಗುರ ತೆಗೀಲಿಕ್ಕೆ ನೋಡಿದೆ. ಸೋಪು ಹಾಕಿ ನೋಡಿದೆ. ಬರಲಿಲ್ಲ.”

“ನಿನಗೆ ಗೊತ್ತಿತ್ತಾ?”

“ಮೊದಲ ದಿನವೇ. ಜೋರಾಗಿ ಹೋಗುವಾಗ ಗಟ್ಟಿ ಹಿಡ್ಕೊಳ್ತೇನೆ, ಆಗ ನಡುಗುವುದಿಲ್ಲ. ಮೆಲ್ಲಗೆ ಹೋಗುವಾಗ ಹಿಡಿಯಲಿಕ್ಕೆ ಮರೆತುಹೋಗ್ತದೆ.” ಝೀಟಾ ರಸ್ತೆಯನ್ನು ನೋಡುತ್ತಿದ್ದಳು. “ಅಮ್ಮನಿಗೂ ಹೀಗೇ ಶುರುವಾದದ್ದು. ಒಂದು ಕೈಯಲ್ಲಿ. ಆಮೇಲೆ ಚಮಚ ಹಿಡಿಯಲಿಕ್ಕೆ ಆಗಲಿಲ್ಲ, ನಡೀಲಿಕ್ಕೆ ಆಗಲಿಲ್ಲ. ನೀವು ಕುವೈತಿನಲ್ಲಿ ಇದ್ದಿರಿ. ನೋಡಿದವಳು ನಾನು.”

ಲಿಯೋನೆಲ್ ಅವಳ ಕೈಯನ್ನು ಸೆರಗಿನಿಂದ ಹೊರಗೆ ತೆಗೆದು ತನ್ನ ಎರಡೂ ಕೈಯೊಳಗೆ ಅದುಮಿ ಹಿಡಿದ. ನಡುಕ ನಿಂತಿತು. ಬಿಟ್ಟ. ಮತ್ತೆ ಶುರುವಾಯಿತು. ಮತ್ತೊಮ್ಮೆ ಹಿಡಿದ, ಬಿಟ್ಟ. ಬಿಗಿ ಮಾಡಲು ಒಂದು ನಟ್ಟಿಲ್ಲ, ಬದಲಿಸಲು ಒಂದು ಬೇರಿಂಗಿಲ್ಲ. ಅವಳನ್ನು ಬಿಟ್ಟು ಹೋದರೆ ಶಬ್ದ ನಿಲ್ಲುತ್ತದೆಂದು ಅಷ್ಟು ದಿನ ತಾನೇ ಹೇಳಿಕೊಂಡು ತಿರುಗಿದವನು, ಒಮ್ಮೆಯೂ ಅವಳ ಕಡೆ ತಿರುಗಿ ನೋಡಿರಲಿಲ್ಲ. ಅಕ್ಕಿಮೂಟೆ ಕಟ್ಟಿ ನೋಡಿದ್ದ. ಅವನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

“ಯಾಕೆ ಹೇಳಲಿಲ್ಲ?”

“ಹೇಳಿದ್ರೆ ಮತ್ತೆ ಹಿಂದೆ ಕೂರಿಸ್ತಿದ್ರಾ? ಇಷ್ಟು ವರ್ಷದ ಮೇಲೆ ಈಗ ತಿರುಗಲಿಕ್ಕೆ ಶುರು ಮಾಡಿದ್ದು.” ಮತ್ತೆ ರಸ್ತೆಯ ಕಡೆ ತಿರುಗಿ, “ನೀವು ಅತ್ತೂರಿನಲ್ಲಿ ಎಂತ ಬೇಡಿದ್ದು ಅಂತ ಗೊತ್ತುಂಟು. ನಾನು ಅದು ಸಿಗದಿರಲಿ ಅಂತ ಬೇಡಿದ್ದೆ,” ಎಂದಳು.

ಆ ಹೊತ್ತಿಗೆ ಲಿಯೋನೆಲ್‌ನ ಫೋನು ಬಡಿದುಕೊಂಡಿತು. ಆಶ್ಲಿ.

“ಏನು ಪಪ್ಪಾ, ಸಿಕ್ಕಿತಾ ಶಬ್ದ?”

ಝೀಟಾ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣಿನಲ್ಲಿ ಅಷ್ಟು ಗಾಬರಿಯನ್ನು ಅವನು ಮುಂಚೆ ಕಂಡಿರಲಿಲ್ಲ.

“ಇಲ್ಲ ಮಗಾ,” ಎಂದ ಲಿಯೋನೆಲ್. “ನೀನು ಹೇಳಿದ್ದೇ ಸರಿ. ಶಬ್ದ ಬೈಕಿನಲ್ಲಿ ಇಲ್ಲ. ನನ್ನ ಕಿವಿಯದ್ದೇ.”

ಆ ಕಡೆ ಆಶ್ಲಿಗೂ ಗೆದ್ದವನ ಸ್ವರ ಬರಲಿಲ್ಲ. “ಬೇಜಾರು ಮಾಡ್ಬೇಡಿ ಪಪ್ಪಾ. ನಾಳೆ ಡಾಕ್ಟರು ನೋಡ್ತಾರೆ. ಕೀ ವಿಷಯ ಆಮೇಲೆ ಮಾತಾಡುವ.”

“ಕೀ ನಾಳೆಯೇ ಕೊಡ್ತೇನೆ. ಮಮ್ಮಿಯೂ ಬರ್ತಾಳೆ.”

ಅವನು ಫೋನು ಕಿಸೆಗೆ ಹಾಕಿ ಹೆಲ್ಮೆಟ್ ಎತ್ತಿಕೊಂಡ.

“ಅಲ್ಲಿ ಬೇರೆ ಡಾಕ್ಟರೂ ಇದ್ದಾರೆ,” ಎಂದ ಲಿಯೋನೆಲ್. “ಅವರ ಹತ್ತಿರ ನೀನು ಹೇಳು. ನಾನು ಹೊರಗೆ ಕೂರ್ತೇನೆ, ನಿನಗೆ ಬೇಡಾಂತ ಇದ್ರೆ.”

“ಬೇಡ. ಒಳಗೆ ಬನ್ನಿ.” ಅವಳು ಹೆಲ್ಮೆಟ್ ಸರಿ ಮಾಡಿಕೊಂಡಳು. “ಈಗ ಬೀಚಿಗೆ ಹೋಗುವ. ಹೇಳಿ ಹೊರಟದ್ದಲ್ವಾ?”

ಲಿಯೋನೆಲ್ ಅವಳ ಎಡಗೈಯನ್ನು ಹಿಂದಿನ ಹಿಡಿಕೆಗೆ ಬಿಡಲಿಲ್ಲ. ಮುಂದಕ್ಕೆ ಎಳೆದು, ತನ್ನ ಪಕ್ಕೆಯ ಹತ್ತಿರ ಶರ್ಟನ್ನು ಹಿಡಿಸಿದ. ಕಾಪುವಿನ ಲೈಟ್‌ಹೌಸ್ ಕಾಣುವವರೆಗೂ ಮೆಲ್ಲಗೆ, ತೀರ ಮೆಲ್ಲಗೆ ಓಡಿಸಿದ. ಬೈಕಿನಲ್ಲಿ ಒಂದು ಚೂರೂ ಬೇಡದ ಶಬ್ದವಿರಲಿಲ್ಲ. ಅವನು ಕಿವಿಗೊಟ್ಟು ಹುಡುಕಿದ. ಒಂದು ಚೈನಾದರೂ, ಒಂದು ನಟ್ಟಾದರೂ ಸಡಿಲವಾಗಿ ಅಲ್ಲಾಡಲಿ ಎಂದು ಹುಡುಕಿದ. ಎಲ್ಲ ಸರಿಯಾಗಿತ್ತು. ಪಕ್ಕೆಯ ಹತ್ತಿರ, ಶರ್ಟಿನ ಮೇಲೆ, ಅವಳ ಉಂಗುರ ಅದೇ ಲಯದಲ್ಲಿ ಬಡಿಯುತ್ತಲೇ ಇತ್ತು. ಈಗ ಅದು ಕೇಳುತ್ತಿರಲಿಲ್ಲ ಅಷ್ಟೆ.