ನಲವತ್ತೇಳನೇ ಚೀಟಿಯ ಮದುಮಗ

ಅಮೆರಿಕದ ಬಯೋನ್ ಊರಿನ ನಮ್ಮ ಬೀದಿಯಲ್ಲಿ ಅಂಚೆ ಹಂಚಲು ಶುರುಮಾಡಿ ನನಗೆ ಇಪ್ಪತ್ತೆರಡು ವರ್ಷ. ಅಷ್ಟೂ ವರ್ಷ ಮಧ್ಯಾಹ್ನದ ಊಟ ಫಿಯೊರೆಲ್ಲಾಳ ಸಬ್ ಅಂಗಡಿಯಲ್ಲೇ; ಸಬ್ ಎಂದರೆ ಉದ್ದನೆಯ ಸ್ಯಾಂಡ್‌ವಿಚ್ಚು. ದೊಡ್ಡ ಕಂಪನಿಗಳ ಅಂಗಡಿಗಳಲ್ಲಿ ನಗುನಗುತ್ತಾ ಸ್ವಾಗತಿಸುತ್ತಾರೆ, ಇವಳು ಬೈಯುತ್ತಾಳೆ. ಆದರೆ ಮೊಳದುದ್ದದ ಬ್ರೆಡ್ಡು ಪಕ್ಕದ ಬೇಕರಿಯಿಂದ ಬಿಸಿಬಿಸಿ ಬರುತ್ತದೆ. ಅದನ್ನು ಸೀಳಿ, ಹ್ಯಾಮು, ಸಲಾಮಿ ಎಂಬ ಹಂದಿಮಾಂಸ, ಚೀಸುಗಳನ್ನು ಕಣ್ಣೆದುರೇ ಕಾಗದದಷ್ಟು ತೆಳ್ಳಗೆ ಕೊಯ್ದು ತುಂಬಿ, ಎಣ್ಣೆ, ವಿನಿಗರ್ ಚಿಮುಕಿಸಿ ಸುತ್ತಿ ಕೊಡುತ್ತಾಳೆ. ಯಾರಿಗೆ ಈರುಳ್ಳಿ ಆಗದು, ಯಾರಿಗೆ ಮೆಣಸಿನಕಾಯಿ ಹೆಚ್ಚು ಬೇಕು, ಎಲ್ಲವೂ ಅವಳಿಗೆ ಬಾಯಿಪಾಠ.

ಶಾಲೆಯ ಬಸ್ಸು ಓಡಿಸುವ ಲೆಸ್ಟರ್, ಹೆಂಡತಿ ತೀರಿಹೋದ ಮೇಲೆ ಒಂಬತ್ತು ವರ್ಷ ದಿನವೂ ಅಲ್ಲೇ ಉಂಡ. ಮಾತು ಕಡಿಮೆಯ ಮನುಷ್ಯ. ಹೋದ ಫೆಬ್ರವರಿಯಲ್ಲಿ ಒಂದು ದಿನ ಕೌಂಟರಿನ ಮುಂದೆ ನಿಂತು, ಮದುವೆಯಾಗುತ್ತೀಯಾ ಎಂದು ಅವಳನ್ನು ಕೇಳಿಯೇಬಿಟ್ಟ. ಹಿಂದಿನವರು ಕಾಯುತ್ತಿದ್ದಾರೆ, ಪಕ್ಕಕ್ಕೆ ನಿಲ್ಲು ಎಂದಳು ಅರವತ್ತೊಂದರ ಫಿಯೊರೆಲ್ಲಾ. ಸಂಜೆ ಒಪ್ಪಿದಳು.

ಜೂನ್ ತಿಂಗಳ ಶನಿವಾರ ಹನ್ನೆರಡಕ್ಕೆ ಮದುವೆ. ವಧುವನ್ನು ಚರ್ಚಿಗೆ ಕರೆದೊಯ್ಯುವ ಕಾರು ನನ್ನದು. ದಾರಿಯಲ್ಲಿ ಅಂಗಡಿ ಸಿಕ್ಕಿತು. ಇವತ್ತು ರಜೆ ಎಂದು ಬೋರ್ಡು ನೇತುಹಾಕಿದ್ದರೂ ಹದಿನೈದು ಜನ ಸಾಲು ನಿಂತಿದ್ದರು. ಒಬ್ಬ ಬೋರ್ಡನ್ನು ಓದಿ ಮುಗಿಸಿಯೂ ಸಾಲಿನ ಕೊನೆಗೆ ಹೋಗಿ ನಿಂತ.

"ನಿಲ್ಸು," ಎಂದಳು ಫಿಯೊರೆಲ್ಲಾ. "ಹತ್ತೇ ನಿಮಿಷ. ಪಾಪ, ಹೆಂಗೆ ನಿಂತಿದಾವೆ ನೋಡು."

ಬಿಳಿ ಗೌನಿನ ಮೇಲೆ ಏಪ್ರನ್ ಕಟ್ಟಿದಳು. ಮುಖದ ಮೇಲಿನ ಪರದೆಯನ್ನು ಎತ್ತಿ ರಬ್ಬರ್ ಬ್ಯಾಂಡ್ ಹಾಕಿದಳು. ಹ್ಯಾಮು ಕೊಯ್ಯುವ ಯಂತ್ರ ಗುಂಯ್ ಎಂದಿತು. ಬಾಗಿಲಲ್ಲಿ ನಂಬರಿನ ಚೀಟಿ ಹರಿದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿ ಹಬ್ಬಿ ಸಾಲು ಬೇಕರಿ ದಾಟಿತು. ಚರ್ಚಿನಲ್ಲಿ ಕಾದು ಹಸಿದಿದ್ದ ಮದುವೆಯ ನೆಂಟರೂ ಒಬ್ಬೊಬ್ಬರೇ ಬಂದು ಸೇರಿಕೊಂಡರು.

ಮುಕ್ಕಾಲು ಗಂಟೆ ಕಾದ ಲೆಸ್ಟರ್, ಕೋಟಿಗೆ ಹೂ ಸಿಕ್ಕಿಸಿಕೊಂಡೇ ಓಡಿಬಂದು ಒಳಗೆ ನುಗ್ಗಹೋದ. ಬಾಗಿಲ ಬಳಿ ಸಾಲಿನಲ್ಲಿದ್ದ ಬಂದರಿನ ಕೂಲಿಯಾಳು, ಬಾಗಿಲಷ್ಟು ಅಗಲದ ಮನುಷ್ಯ, ಕೈ ಅಡ್ಡ ಹಿಡಿದ.

"ಅಣ್ಣ, ಚೀಟಿ ತಗೊಂಡು ನಿಂತ್ಕೊ."

"ಮದುವೆ ಗಂಡು ಕಣಯ್ಯಾ ನಾನು."

"ಆದ್ರೇನೀಗ? ನಾನು ಬೆಳಗ್ಗಿಂದ ಹಸ್ಕೊಂಡಿದೀನಿ."

ನಾನು ಚೀಟಿ ಕೊಟ್ಟೆ. ನಲವತ್ತೇಳು. ಲೆಸ್ಟರ್ ಅದನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಫಿಯೊರೆಲ್ಲಾ ನೋಡಿಯೂ ನೋಡದವಳಂತೆ ನಂಬರು ಕೂಗುತ್ತಲೇ ಹೋದಳು. ಅವನ ಸರದಿ ಬಂದಾಗ ಇಡೀ ಅಂಗಡಿ ನಗು ಬಿಗಿಹಿಡಿದುಕೊಂಡಿತು.

"ಏನಪ್ಪಾ, ಏನ್ ಬೇಕು?"

ಅವನ ಕಿವಿ ಕೆಂಪಾಯಿತು. "ಮಾಮೂಲಿದೇ. ಆಮೇಲೆ... ನೀನು."

ಯಂತ್ರ ನಿಂತಿತು. "ತಿನ್ಕೊಂಡೇ ನಡಿ, ಹೊತ್ತಾಯ್ತು," ಎಂದಳು. ಅವಳ ದನಿ ನಡುಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಿಕ್ಕವರು ಸಿಗದವರಿಗೆ ಹಂಚಿ, ಅರವತ್ತು ಜನ ಸಬ್ ಕಚ್ಚುತ್ತಾ ನಡುರಸ್ತೆಯಲ್ಲೇ ಚರ್ಚಿಗೆ ನಡೆದೆವು. ಮೆಟ್ಟಿಲ ಮೇಲೆ ಸಿಟ್ಟಿನಿಂದ ಕಾಯುತ್ತಿದ್ದ ಪಾದ್ರಿಯ ಕೈಗೂ ಯಾರೋ ಅರ್ಧ ಸಬ್ ತುರುಕಿದರು. ಪಾದ್ರಿ ಒಂದು ತುತ್ತು ತಿಂದು, ಕೈ ಒರೆಸಿಕೊಂಡು, ಬನ್ನಿ ಒಳಗೆ ಎಂದರು. ಮದುವೆ ಆರು ನಿಮಿಷದಲ್ಲಿ ಮುಗಿಯಿತು. ಆಮೇಲೆ ಅಂಗಳದಲ್ಲಿ ಆ ಕೂಲಿಯಾಳು ಗಂಡುಹೆಣ್ಣನ್ನು ಒಂದೊಂದು ಹೆಗಲಿಗೇರಿಸಿಕೊಂಡು ಕುಣಿದ. ನಕ್ಕು ನಕ್ಕು ನನಗೆ ಬಿಕ್ಕಳಿಕೆ ಹತ್ತಿತು. ಪಾದ್ರಿಯೇ ನೀರು ತಂದುಕೊಟ್ಟರು.