ಲಾಲ್ಚಿ ಅಂದ ಮಾತು

ತೆಂಗಳಿಯ ಮನೆಯಲ್ಲಿದ್ದ ತನ್ನ ಪಾಲನ್ನು ತಮ್ಮನ ಹೆಂಡತಿ ರತ್ನಾಬಾಯಿಗೆ ಮಾರಿದ ಎಂಟನೆಯ ದಿನ ರೇವಣಪ್ಪ ಹಾರೆ ಹಿಡಿದು ಬಂದ. ಪಡಸಾಲೆಗೆ ಹಾಸಿದ್ದ ಶಹಾಬಾದ ಪರಸಿಕಲ್ಲು ತಾನು ತಂದದ್ದು, ಮಾರಿದ ಕಾಗದದಲ್ಲಿ ಅದರ ಹೆಸರಿಲ್ಲ ಎಂಬುದು ಅವನ ನ್ಯಾಯ. ಜೊತೆಗೆ ಮಜೀದಸಾಬ, ಇಪ್ಪತ್ತು ವರ್ಷದ ಹಿಂದೆ ಆ ಕಲ್ಲು ಹಾಸಿದವನೇ ಈಗ ಕೀಳಲು ಬಂದಿದ್ದ.

ಗುರುವಾರ ರತ್ನಾಬಾಯಿಯ ಬಸುರಿ ಮಗಳು ಶಿವರಂಜನಿಯ ಕುಬಸ, ಸೀಮಂತದ ಶಾಸ್ತ್ರ. ಚಿಂಚೋಳಿಯಿಂದ ಬರುವ ಬೀಗರು ಕೂರಬೇಕಾದದ್ದು ಇದೇ ಪಡಸಾಲೆಯಲ್ಲಿ.

ಮೂರು ಕಲ್ಲು ಎದ್ದ ಮೇಲೆ ರೇವಣಪ್ಪ ಹಾರೆಯನ್ನು ಗೋಡೆಗೆ ಒರಗಿಸಿದ.

“ನನಗ ಲಾಲ್ಚಿ ಅಂದೀಯಂತ?”

“ಅಂದೀನಿ,” ಎಂದಳು ರತ್ನಾಬಾಯಿ.

“ಅರ್ಥ ಗೊತ್ತದೇನು? ಮಂದೀದು ಬೇಕನ್ನಾಂವ ಲಾಲ್ಚಿ. ನಾ ನಂದು ಒಯ್ಲಿಕತ್ತೀನಿ.”

“ಬಸುರಿ ಕಾಲಾಗಿನ ಕಲ್ಲು ಕೀಳಾಂವಗ ಬ್ಯಾರೆ ಹೆಸರು ಅದ ಏನು, ಭಾವಾ? ಮಜೀದಸಾಬರ, ನಿಮ್ಮ ಕಡೀ ಮಾತದು, ನೀವ ಹೇಳ್ರಿ.”

“ನಮ್ಮನ್ಯಾಗ ಮಿಠಾಯಿಗಿ ಕೈ ಹಾಕೋ ಕೂಸಿಗಿ ಲಾಲ್ಚಿ ಅಂತೀವ್ರಿ ಬಾಯೇರ,” ಎಂದ ಮಜೀದಸಾಬ. “ದೊಡ್ಡವರಿಗಿ ಏನಂತೀವಿ ಅಂತ ಅಣ್ಣಾರ ಮುಂದ ಹೇಳಾಂಗಿಲ್ಲ.”

ರೇವಣಪ್ಪನ ಕಿವಿ ಕೆಂಪಾಯಿತು. “ಆ ಮಾತು ವಾಪಸ್ ತಗೋ ರತ್ನಾ. ಪರಸಿ ಇಲ್ಲೇ ಬಿಡ್ತೀನಿ.”

ರತ್ನಾಬಾಯಿ ಬಾಗಿಲಲ್ಲಿ ನಿಂತ ಮಗಳ ಹೊಟ್ಟೆ ನೋಡಿದಳು.

“ತಗೊಂಡೀನಿ.”

ಮಜೀದಸಾಬ ಖುಷಿಯಿಂದ ಒಂದು ಕಲ್ಲನ್ನು ಸ್ವಸ್ಥಾನಕ್ಕೆ ಸರಿಸಿದ.

“ಇಲ್ಲಿ ತಗೊಂಡ್ರ ಹ್ಯಾಂಗ?” ಎಂದ ರೇವಣಪ್ಪ. “ನೀ ಅಂದದ್ದು ಹಿಟ್ಟಿನ ಗಿರಣ್ಯಾಗ. ಅಲ್ಲಿ ಬಂದು ಹೇಳು.”

“ಹೇಳ್ತೀನಿ.”

“ಬಸ್ ಸ್ಟ್ಯಾಂಡಿನ ಹೋಟೆಲ್ ಮುಂದೂ.”

ಅವಳು ಸೆರಗು ಸರಿಮಾಡಿಕೊಂಡಳು. ಅದನ್ನೇ ಒಪ್ಪಿಗೆ ಎಂದುಕೊಂಡ ರೇವಣಪ್ಪನ ಹಸಿವು ಹೆಚ್ಚಿತು.

“ಆಮ್ಯಾಲ ಗುರುವಾರ, ಬೀಗರ ಮುಂದ. ಕೈ ಮುಗದು.”

ರತ್ನಾಬಾಯಿ ಗೋಡೆಗೆ ಒರಗಿದ್ದ ಹಾರೆಯನ್ನು ತಂದು ಅವನ ಕೈಗೆ ಕೊಟ್ಟಳು.

“ಒಯ್ರಿ ಭಾವಾ. ಒಂದೂ ಬಿಡಬ್ಯಾಡ್ರಿ.”

ಅವನು ಒಂದೂ ಬಿಡಲಿಲ್ಲ. ಮೂಲೆ ಮುರಿದವನ್ನೂ ಟ್ರ್ಯಾಕ್ಟರಿಗೆ ಹೇರಿಸಿದ.

ಗುರುವಾರ ಪಡಸಾಲೆಗೆ ಸೆಗಣಿ ಸಾರಿಸಿ, ಮೇಲೆ ಜಮಖಾನ ಹಾಸಿದ್ದರು. ಬೀಗಿತ್ತಿ ಅಂಚು ಎತ್ತಿ ನೋಡಿದಳು.

“ಇಲ್ಲಿ ಪರಸಿ ಇತ್ತಲ್ಲವ್ವಾ, ಎಲ್ಲಿ ಹೋಯ್ತು?”

“ನಮ್ಮ ಭಾವಾರು ಒಯ್ದಾರ್ರಿ,” ಎಂದಳು ರತ್ನಾಬಾಯಿ, ಮರ್ಯಾದೆಯಲ್ಲಿ ಒಂದಿಷ್ಟೂ ಕಡಿಮೆ ಮಾಡದೆ. ಉಳಿದದ್ದನ್ನು ಬೀಗಿತ್ತಿಯೇ ಅಂದಳು. ಊಟಕ್ಕೆ ಎಲೆ ಬೀಳುವ ತನಕ ಅಂದಳು.