ಭಾಮೈದನ ಕಾಲ್ಗುಣ

ಆ ಶನಿವಾರ ಡ್ರಾ ಆದರೂ ಸಾಕಿತ್ತು, ನಮ್ಮ ಫುಟ್‌ಬಾಲ್ ತಂಡ ಮೇಲಿನ ಡಿವಿಷನ್ನಿನಲ್ಲಿ ಉಳಿಯುತ್ತಿತ್ತು. ಸೋತರೆ ಕೆಳಗೆ. ಆಟ ಇದ್ದದ್ದು ಮೂರು ಗಂಟೆ ದಾರಿಯ ಊರಿನಲ್ಲಿ, ಎದುರಾಳಿಗಳ ಮೈದಾನದಲ್ಲಿ. ನಾವು ಇಪ್ಪತ್ತಾರು ಜನ ಸೇರಿ ಬಸ್ಸು ಗೊತ್ತು ಮಾಡಿದ್ದೆವು. ಬೆಳಿಗ್ಗೆ ಏಳಕ್ಕೆ ಅದು ನನ್ನ ಕಟಿಂಗ್ ಶಾಪಿನ ಮುಂದೆ ಬಂದು ನಿಂತಿತು. ಡ್ರೈವರ್ ಇಳಿದವನೇ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಸಿದ. ಅವನನ್ನು ಡಾಕ್ಟರ ಹತ್ತಿರ ಕಳಿಸಿದೆವು. ಈಗ ಬಸ್ಸಿತ್ತು, ಓಡಿಸುವವನಿರಲಿಲ್ಲ.

ನಮ್ಮ ಬೀದಿಯಲ್ಲಿ ಬಸ್ಸಿನ ಲೈಸೆನ್ಸ್ ಇದ್ದವನು ಒಬ್ಬನೇ, ನನ್ನ ಭಾಮೈದ. ಶಾಲೆಯ ಬಸ್ಸು ಓಡಿಸುತ್ತಾನೆ. ಆದರೆ ಅವನನ್ನು ಕರೆಯೋಣ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಅದಕ್ಕೆ ಕಾರಣ ನಾನು. ಎರಡು ವರ್ಷದ ಹಿಂದೆ ಅವನು ನಮ್ಮ ಜೊತೆ ನೋಡಲು ಬಂದ ಮೂರು ಆಟಗಳನ್ನೂ ತಂಡ ಸೋತಿತ್ತು. ಒಬ್ಬ ಗಿರಾಕಿಯ ಗಡ್ಡಕ್ಕೆ ನೊರೆ ಹಚ್ಚುತ್ತಾ, 'ನಮ್ಮ ಭಾಮೈದನ ಕಾಲ್ಗುಣ ಅಂಥದ್ದು, ಅವನು ಗೇಟು ದಾಟಿದ್ರೆ ನಮ್ಮ ಗೋಲ್‌ಕೀಪರ್ ಕೈ ತೂತಾಗುತ್ತೆ' ಎಂದುಬಿಟ್ಟೆ. ನಗಲಿ ಎಂದು ಹೇಳಿದ ಮಾತು. ಕಟಿಂಗ್ ಶಾಪಿನಲ್ಲಿ ಬಿದ್ದ ಮಾತೂ ಕೂದಲಿನ ಹಾಗೇ, ಎಷ್ಟು ಗುಡಿಸಿದರೂ ಯಾರದಾದರೂ ಅಂಗಿಗೆ ಅಂಟಿಕೊಂಡು ಹೋಗುತ್ತದೆ. ಅವನು ಬಾರದ ದಿನ ಎಷ್ಟು ಸೋತೆವು ಎಂದು ಯಾರೂ ಎಣಿಸಲಿಲ್ಲ. ಅವನಿಗೆ ಟಿಕೆಟ್ ತರುವುದನ್ನೇ ಬಿಟ್ಟರು. ಹತ್ತನೇ ವಯಸ್ಸಿನಿಂದ ಆ ತಂಡಕ್ಕೆ ಪ್ರಾಣ ಬಿಡುವವನು, ಆಟದ ದಿನ ಶಾಲೆಯ ಬಸ್ಸು ತೊಳೆಯುತ್ತಾ ರೇಡಿಯೊ ಕೇಳುತ್ತಿದ್ದ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. "ನೀವು ಹಚ್ಚಿದ ಬೆಂಕಿ, ನೀವೇ ಆರಿಸಿ. ಇವತ್ತು ಅವನು ಬಂದು ತಂಡ ಸೋತ್ರೆ, ನನ್ನ ತಮ್ಮ ಈ ಬೀದೀಲಿ ಮತ್ತೆ ತಲೆ ಎತ್ತೋ ಹಾಗಿಲ್ಲ. ನೆನಪಿರಲಿ."

ನಾನೇ ಹೋಗಿ ಕರೆದೆ, ಅವನು ಬಂದ. ಸೀಟು ಹಿಂದೆ ಮುಂದೆ ಸರಿಸಿಕೊಂಡು, ಕನ್ನಡಿ ತಿರುಗಿಸಿಕೊಂಡು, "ಓಡಿಸ್ತೀನಿ. ಒಳಗೆ ಮಾತ್ರ ಬರಲ್ಲ. ಆಯ್ತಾ?" ಎಂದ.

"ಆಯ್ತು, ಆಯ್ತು" ಎಂದು ಎಲ್ಲರೂ ಒಪ್ಪಿದ ವೇಗ ನೋಡಿ ನನಗೇ ನಾಚಿಕೆಯಾಯಿತು.

ಮೈದಾನದಲ್ಲಿ ನಮಗೆ ಕೊಟ್ಟದ್ದು ಗೋಲಿನ ಹಿಂದಿನ ಒಂದು ಮೂಲೆ. ಮೂವತ್ತೈದನೇ ನಿಮಿಷಕ್ಕೆ ಅವರು ಗೋಲು ಹೊಡೆದರು. ವಿರಾಮದಲ್ಲಿ ನಮ್ಮ ವೆಲ್ಡರ್ ನನ್ನ ಪಕ್ಕಕ್ಕೆ ಬಂದ. ಅವನ ಗಂಟಲಿನಿಂದಾಗಿ ಊರೆಲ್ಲ ಅವನನ್ನು ಪಟಾಕಿ ಎನ್ನುತ್ತದೆ.

"ಬಸ್ಸೆಲ್ಲಿ ನಿಂತಿದೆ?"

"ಇಲ್ಲೇ, ಗೋಡೆ ಆಚೆ."

"ಅದೇ ಮತ್ತೆ! ಗೋಡೆ ಏನು ತಡೆಯುತ್ತೆ? ಎರಡು ಬೀದಿ ಆಚೆ ನಿಲ್ಲಿಸೋಕೆ ಹೇಳು. ನಿಮ್ಮ ಸಂಬಂಧ, ನೀನೇ ಹೋಗು."

ತಮಾಷೆ ಇರಬೇಕು ಎಂದು ಉಳಿದವರ ಮುಖ ನೋಡಿದೆ. ಯಾರೂ ನಗುತ್ತಿರಲಿಲ್ಲ.

ಹೊರಗೆ ಹೊರಟೆ. ಹರಿದು ಕೊಟ್ಟ ಅರ್ಧ ಟಿಕೆಟ್ ತೋರಿಸಿದರೆ ಮತ್ತೆ ಬಿಡುತ್ತೇನೆ ಎಂದು ಗೇಟಿನವನು ಹೇಳಿದ. ಭಾಮೈದ ಹಳೇ ಪೇಪರ್ ಉಂಡೆ ಮಾಡಿಕೊಂಡು ಬಸ್ಸಿನ ಮುಂದಿನ ಗಾಜು ಉಜ್ಜುತ್ತಿದ್ದ. ಗಾಜು ಆಗಲೇ ಫಳಫಳ ಎನ್ನುತ್ತಿತ್ತು.

"ಒಂದು ಸೊನ್ನೆ, ಅಲ್ವಾ ಭಾವ? ಅವರ ಕೂಗು ಕೇಳಿಸ್ತು." ಆಮೇಲೆ ನಾನು ಬಾಯಿ ತೆರೆಯುವ ಮೊದಲೇ, "ಬಸ್ಸು ಇನ್ನೂ ಸ್ವಲ್ಪ ದೂರ ನಿಲ್ಲಿಸ್ಲಾ?" ಎಂದ.

ಬೇರೆಯವರು ನಂಬಿದ್ದು ಒಂದು ತೂಕ, ಅವನೇ ನಂಬಿದ್ದು ಇನ್ನೊಂದು ತೂಕ.

ನಮ್ಮವರಿಗೆ ತಕ್ಷಣ ಗುರುತು ಸಿಗದಿರಲಿ ಎಂದು ನನ್ನ ಟೋಪಿ ತೆಗೆದು ಅವನ ತಲೆಗಿಟ್ಟೆ. ಅರ್ಧ ಟಿಕೆಟ್ ಕೈಗಿಟ್ಟೆ. "ಒಳಗೆ ಹೋಗು."

"ಬೇಡ ಭಾವ. ಸೋತ್ರೆ?"

"ಸೋತ್ರೆ ನಾನೇ ದಬ್ಬಿದೆ ಅಂತೀನಿ. ಬಾಯಿ ನಂದು, ಬೈಗುಳಾನೂ ನಂದೇ."

"ಬಸ್ಸು?"

"ಓಡಿಸೋಕೆ ಬರಲ್ಲ, ಕೂರೋಕೆ ಬರುತ್ತೆ. ನಡಿ."

ಎರಡು ಸಲ ತಿರುಗಿ ನೋಡಿಕೊಂಡು ಹೋದ.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಆ ಊರಿನವರು ಕೂಗಿದರೆ ಬಸ್ಸಿನ ಗಾಜುಗಳು ಗಡಗಡ ಎನ್ನುತ್ತಿದ್ದವು. ಎರಡು ಸಲ ಕೂಗು ಮೇಲೇರಿ, ಉಸ್ಸೆಂದು ಕೆಳಗಿಳಿಯಿತು. ಪ್ರತಿ ಸಲವೂ ನನ್ನ ಜೀವ ಬಾಯಿಗೆ ಬಂತು. ಒಳ್ಳೇದು ಮಾಡಲು ಹೋಗಿ ಅವನನ್ನು ನಾನೇ ಬಾವಿಗೆ ತಳ್ಳಿದೆನೇನೋ. ಇನ್ನೊಂದು ಗೋಲು ಬಿದ್ದರೆ ಹೆಂಡತಿಗೆ ಯಾವ ಮುಖ ತೋರಿಸಲಿ?

ಆಮೇಲೆ ಇದ್ದಕ್ಕಿದ್ದಂತೆ ಇಡೀ ಮೈದಾನ ಸದ್ದಿಲ್ಲದೆ ನಿಂತಿತು. ಆ ಮೌನದ ಒಂದು ಮೂಲೆಯಿಂದ ಮಾತ್ರ ಅಟ್ಟದ ಪಾತ್ರೆಗಳು ಉರುಳಿದಂಥ ಗದ್ದಲ. ಅದರ ನಡುವೆ ಪಟಾಕಿಯ ಗಂಟಲು. ಒಂದು ಒಂದು, ಸಮ! ಹಾರ್ನ್ ಒತ್ತಿಬಿಟ್ಟೆ. ಗೇಟಿನವನು ಕಣ್ಣು ಕೆಂಪಗೆ ಮಾಡಿದ. ಕೈ ಮುಗಿದೆ.

ಉಳಿದ ಇಪ್ಪತ್ತು ನಿಮಿಷ ನನ್ನ ವಾಚು, ಬಸ್ಸಿನ ಗಡಿಯಾರ ಎರಡನ್ನೂ ನೋಡುತ್ತಾ ಕಳೆದೆ. ಎರಡೂ ಕಾಲು ಮುರಿದುಕೊಂಡಿದ್ದವು. ಕೊನೆಗೆ ಗೇಟು ತೆರೆದು ಆ ಊರಿನ ಜನ ಮುಖ ಜೋಲು ಹಾಕಿಕೊಂಡು ಬಂದಾಗ ನನ್ನ ಉಸಿರು ಸರಿಹೋಯಿತು. ಬೇರೆಯವರ ಸಂಕಟ ನೋಡಿ ಅಷ್ಟು ಸಂತೋಷಪಟ್ಟಿದ್ದು ತಪ್ಪೇ ಇರಬಹುದು.

ನಮ್ಮವರು ಕೊನೆಗೆ ಬಂದರು. ಪಟಾಕಿಯ ಕೈ ಭಾಮೈದನ ಕತ್ತಿನ ಸುತ್ತ ಇತ್ತು. ಗಂಟಲು ಬಿದ್ದುಹೋಗಿತ್ತು.

"ಗೋಲಾದ ಖುಷೀಲಿ ಹಿಂದೆ ತಿರುಗಿ ಯಾರನ್ನೋ ತಬ್ಕೊಂಡೆ. ನೋಡಿದ್ರೆ ಈ ಮಹಾರಾಯ! ಯಾವಾಗ ಬಂದ್ಯೋ ಅಂದ್ರೆ, ವಿರಾಮದಲ್ಲೇ ಅಂತಾನೆ!" ಆಮೇಲೆ ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದ. "ನೀನೆಲ್ಲಿದ್ದೆ?"

"ಬಸ್ಸಲ್ಲೇ."

"ನೀನು ಒಳಗಿದ್ದಾಗ ಹೊಡೆಸ್ಕೊಂಡ್ವಿ. ನೀನು ಹೊರಗೆ ಹೋದ್ಮೇಲೆ ಹೊಡೆದ್ವಿ." ಪಟಾಕಿ ಎಲ್ಲರ ಕಡೆ ತಿರುಗಿದ. "ಎರಡು ವರ್ಷದಿಂದ ತಪ್ಪು ಆಸಾಮೀನ ಹಿಡ್ಕೊಂಡಿದ್ವಲ್ರೋ! ಆಗ ಸೋತ ಮೂರು ಆಟಕ್ಕೂ ಇವನೂ ಇರಲಿಲ್ವಾ?"

ಇದ್ದೆ. ಅವರೆಲ್ಲರೂ ಇದ್ದರು. ಅದನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಭಾಮೈದ ಕಣ್ಣಿಗೆ ಬಿದ್ದ. ಅವರ ನಟ್ಟನಡುವೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದ.

"ಇರಬಹುದಪ್ಪ" ಎಂದೆ.

ಬಸ್ಸು ಹತ್ತಿ ಅವನ ಹಿಂದಿನ ಸೀಟಿನಲ್ಲೇ ಕೂತೆ. ಕನ್ನಡಿಯಲ್ಲಿ ನನ್ನ ಮುಖ ಹುಡುಕಿಕೊಂಡು ಅವನು ಗಂಭೀರವಾಗಿ, "ಭಾವ, ಒಂಚೂರು ಕೊನೇ ಸೀಟಿಗೆ ಹೋಗ್ತೀರಾ? ದಾರೀಲಿ ಟೈರ್ ಪಂಕ್ಚರ್ ಆದ್ರೆ ಕಷ್ಟ" ಎಂದ.

ಬಸ್ಸಿಗೆ ಬಸ್ಸೇ ನಕ್ಕಿತು. ನಾನು ಎದ್ದು ಹೋದೆ. ಕೊನೇ ಸೀಟು ಉದ್ದಕ್ಕೆ ಖಾಲಿ ಇತ್ತು. ಚಪ್ಪಲಿ ಬಿಟ್ಟು ಕಾಲು ಚಾಚಿ ಮಲಗಿದವನಿಗೆ ನಮ್ಮ ಬೀದಿ ಬರುವ ತನಕ ಎಚ್ಚರವಾಗಲಿಲ್ಲ.